ಮಿಲಿಟ್ರಿ ತಾತ ಕಟ್ಟಿದ ಆಸ್ಪತ್ರೆ

ನಮ್ಮೂರಲ್ಲಿ ಬೆಳಗ್ಗೆ ಎದ್ದ ತಕ್ಷಣ ಕಂಬಳಿಯನ್ನು ಪೆಟ್ಟಿಗೆಯ ಹಾಗೆ ನಾಲ್ಕು ಮೂಲೆ ಕೂಡಿಸಿ ಮಡಿಸುತ್ತಿದ್ದವರು ಒಬ್ಬರೇ. ಊರೆಲ್ಲ ಅವರನ್ನು ಮಿಲಿಟ್ರಿ ತಾತ ಅಂತ ಕರೆಯುತ್ತಿತ್ತು. ನನಗೆ ಸ್ವಂತ ತಾತ ಏನಲ್ಲ. ನಮ್ಮಜ್ಜಿ ಕಡೆಯಿಂದ ಏನೋ ನಂಟು ಇತ್ತು. ಅದನ್ನು ಎಳೆಎಳೆಯಾಗಿ ಬಿಡಿಸಿ ಹೇಳೋ ಹಿರಿಯರು ಈಗ ಯಾರೂ ಉಳಿದಿಲ್ಲ. ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವಾಗ ಮಿಡಿಗೇಶಿ ದಾಟಿ, ಟಾರು ರಸ್ತೆ ಬಿಟ್ಟು, ಹುಣಿಸೆ ಮರಗಳ ಸಾಲು ಹಿಡಿದು ಒಳಕ್ಕೆ ನಡೆದರೆ ನಮ್ಮೂರು. ಮನೆಯೊಳಗೆ ಕನ್ನಡ, ಪಾವಗಡದ ಸಂತೆಗೆ ಹೋದರೆ ತೆಲುಗು. ಹೊಲದಲ್ಲಿ ಕಡ್ಲೆಕಾಯಿ, ರಾಗಿ, ಹುರುಳಿ. ಮಳೆ ಬಂದ ವರ್ಷ ಎಲ್ಲ ಉಂಟು, ಬಾರದ ವರ್ಷ ಹುಣಿಸೆಹಣ್ಣು ಒಂದೇ.

ತಾತ ಸಂಜೆ ಹೊತ್ತು ಮುಳುಗುವ ಮುಂಚೆ ಅಂಗಿಯ ತೋಳನ್ನು ಮಣಿಕಟ್ಟಿನ ತನಕ ಇಳಿಸಿ ಗುಂಡಿ ಹಾಕಿಕೊಳ್ಳುತ್ತಿದ್ದರು. ಕಡುಬೇಸಿಗೆಯಲ್ಲೂ ಅಷ್ಟೇ. ಎಂಥ ಸೆಕೆ ಇದ್ದರೂ, ಊರ ಗಂಡಸರೆಲ್ಲ ಬರೀ ಮೈಯಲ್ಲಿ ಜಗಲಿ ಮೇಲೆ ಒರಗಿದ್ದರೂ ಅವರ ತೋಳು ಇಳಿದೇ ಇರುತ್ತಿತ್ತು. ಚಹಾ ಕುಡಿಯೋದು ಅಂಚು ಕಿತ್ತ ಬಿಳಿ ಎನಾಮಲ್ ಮಗ್ಗಿನಲ್ಲಿ. ಮುದ್ದೆ ಹುರುಳಿಕಾಳು ಸಾರು ಅಂದರೆ ಪ್ರಾಣ, ಪಕ್ಕಕ್ಕೆ ಅರ್ಧ ಈರುಳ್ಳಿ ಬೇಕೇ ಬೇಕು. ಉಣ್ಣುವ ಮುಂಚೆ ಎರಡೂ ಕೈ ಮೊಣಕೈ ತನಕ ಬೂದಿ ಹಚ್ಚಿ ತೊಳೆಯುತ್ತಿದ್ದರು. ನಮ್ಮಜ್ಜಿ ಅದನ್ನು ನೋಡಿ, "ಹೆರಿಗೆ ಮಾಡ್ಸೋಕೆ ಹೊರಟಂಗೆ ತೊಳೀತಾನೆ" ಅನ್ನುತ್ತಿದ್ದಳು. ಆಕೆಗೆ ಅವರ ಮೇಲೆ ಬಲು ಅಕ್ಕರೆ.

ನಾನು ಹೇಳಬೇಕು ಅಂತಿರೋದು ಒಂದು ಬೇಸಿಗೆಯ ಕಥೆ. ವರ್ಷ ಯಾವುದು ಅಂತ ಕೇಳಬೇಡಿ. ಎಮರ್ಜೆನ್ಸಿ ಮುಗಿದಿತ್ತೋ, ಇನ್ನೂ ಇತ್ತೋ. ನಾನು ನಾಲ್ಕನೇ ಕ್ಲಾಸೋ ಐದನೆಯದೋ. ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು ಅನ್ನೋದು ಮಾತ್ರ ಗಟ್ಟಿ ನೆನಪು, ಯಾಕೆಂದರೆ ಕೆರೆ ಅಂಗಳದಲ್ಲಿ ನಾವು ಚಿಣ್ಣಿದಾಂಡು ಆಡುತ್ತಿದ್ದೆವು. ಊರಿಗೆಲ್ಲ ಒಂದೇ ಬಾವಿ ಉಳಿದಿತ್ತು. ಮೆಟ್ಟಿಲು ಬಾವಿ. ಜನ ಕೆಳಗಿಳಿದು, ನೀರಲ್ಲೇ ಕಾಲಿಟ್ಟು ಬಿಂದಿಗೆ ಮುಳುಗಿಸಬೇಕಾಗಿತ್ತು.

ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ ಆಗಷ್ಟೇ ಮುಗಿದಿತ್ತು. ನಮ್ಮ ಸೀಮೆಯವರಿಗೆ ಆ ಜಾತ್ರೆ ಅಂದರೆ ಬರೀ ದೇವರ ಕೆಲಸ ಅಲ್ಲ. ಕೊಟ್ಟ ಹೆಣ್ಣುಮಕ್ಕಳು, ಅಳಿಯಂದಿರು, ಬೀಗರು ಎಲ್ಲ ಕೂಡಿಬರುವ ಹೊತ್ತು. ಶಿರಾದಿಂದ, ಕೊರಟಗೆರೆಯಿಂದ, ಪಾವಗಡದ ಆಚೆಯ ಆಂಧ್ರದ ಹಳ್ಳಿಗಳಿಂದ ನೆಂಟರು ಬಂದಿದ್ದರು. ಆ ಏಕಶಿಲಾ ಬೆಟ್ಟದ ಬುಡದಲ್ಲಿ ಬಿಸಿಲು ಬಂಡೆಗೆ ಬಡಿದು ಮುಖಕ್ಕೆ ರಾಚುತ್ತದಲ್ಲ, ಅಂಥ ಬಿಸಿಲಲ್ಲಿ ತಿರುಗಿ ಗಾಡಿಗಳಲ್ಲಿ ನಮ್ಮೂರಿಗೆ ಬಂದರು. ಮನೆಮನೆಯಲ್ಲೂ ಜನ, ಬಾವಿಯಲ್ಲಿ ಮೊಣಕಾಲುದ್ದ ನೀರು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಮೇಗಳ ಕೇರಿಯ ಒಬ್ಬ ಮುದುಕಿಗೆ ವಾಂತಿಭೇದಿ ಶುರುವಾಯಿತು. ರಾತ್ರಿ ಶುರುವಾದದ್ದು, ಬೆಳಕು ಹರಿಯುವ ಹೊತ್ತಿಗೆ ಆಕೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇನ್ನೂ ಐದು ಮನೆ. ಸಂಜೆ ತಮಟೆ ಬಂತು. ಮಾರಿಯನ್ನು ಊರ ಗಡಿ ದಾಟಿಸಿ ಕಳಿಸಬೇಕು ಅಂತ ಹಿರಿಯರು ಕೂತರು. ಆಗ ಮಿಲಿಟ್ರಿ ತಾತ ತೋಳು ಇಳಿಸಿಕೊಂಡು ಎದ್ದುನಿಂತ ಚಿತ್ರ ಈಗಲೂ ಕಣ್ಣಲ್ಲಿದೆ.

"ಅವ್ವನ ಹೆಸ್ರೇ ದಂಡಿನ ಮಾರಮ್ಮ ಕಣ್ರಪ್ಪ. ದಂಡು ಅಂದ್ರೆ ಸೈನ್ಯ. ಸೈನ್ಯದಾಗೆ ಈ ಕಾಯ್ಲೆ ಬಂದಾಗ ಏನು ಮಾಡ್ತಾರೆ ಅಂತ ನಾನು ಕಣ್ಣಾರೆ ಕಂಡಿವ್ನಿ. ಪೂಜೆ ನೀವು ಮಾಡಿ, ನಾನೂ ಬತ್ತೀನಿ. ಆದ್ರೆ ಇವತ್ತು ರಾತ್ರಿ ನಂಗೆ ಇಸ್ಕೂಲ್ ಕೀಲಿ ಕೈ, ಹನ್ನೆರಡು ಹೊರಸು, ಎರಡು ಮೂಟೆ ಸುಣ್ಣ ಬೇಕು."

ಹೀಗೇ ಹೇಳಿದರೋ, ನನ್ನ ನೆನಪು ಆಮೇಲೆ ಜೋಡಿಸಿಕೊಂಡಿತೋ, ಆಣೆ ಮಾಡಲಾರೆ. ಹನ್ನೆರಡು ಹೊರಸು ಅಂದದ್ದು ಮಾತ್ರ ಖರೆ, ಅದರಲ್ಲಿ ಒಂದು ನಮ್ಮ ಮನೆಯದು.

ಅವರು ಏನು ಕಂಡಿದ್ದರು ಅನ್ನೋದನ್ನು ಇಲ್ಲಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯೋದಿಲ್ಲ.

ತಾತನ ತಾಯಿ ಚಳಿಜ್ವರದಲ್ಲಿ ಸತ್ತವಳು. ಶಿರಾ ದಾಟಿದರೆ ಹಿರಿಯೂರಿನ ಮಾರಿಕಣಿವೆ. ಆ ನೀರಿನ ಕೆಳಗೆ ಕೂಲಿಗೆ ಹೋದವರು ಗಡಗಡ ನಡುಗಿಕೊಂಡು ವಾಪಸ್ ಬರುತ್ತಿದ್ದ ಕಾಲ ಅದು. ಮೈಸೂರು ಸರ್ಕಾರವೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ ಮಲೇರಿಯಾ ಅಭ್ಯಾಸಕ್ಕೆ ಆರಿಸಿಕೊಂಡ ಜಾಗಗಳಲ್ಲಿ ಅದೂ ಒಂದು. ಹೊಟ್ಟೆಪಾಡಿಗೆ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿದ ಈ ಹುಡುಗನನ್ನು ಬಂದೂಕಿನ ಕಡೆಗೆ ಕಳಿಸದೆ ಆಸ್ಪತ್ರೆ ಕಡೆಗೆ ಹಾಕಿದರು. ರೋಮನ್ ಅಕ್ಷರದಲ್ಲಿ ಹಿಂದುಸ್ತಾನಿ ಕಲಿಸಿದರು. ಕನ್ನಡವನ್ನೂ ಅವರು ಆ ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದರು. ಅವರು ಸೇರಿದಾಗ ಡಾಕ್ಟರ ಅಧಿಕಾರಿಗಳದ್ದು ಇಂಡಿಯನ್ ಮೆಡಿಕಲ್ ಸರ್ವಿಸ್, ಕೆಳಗಿನ ವೈದ್ಯರದ್ದು ಇಂಡಿಯನ್ ಮೆಡಿಕಲ್ ಡಿಪಾರ್ಟ್‌ಮೆಂಟ್, ಶುಶ್ರೂಷೆ ಮಾಡುವ, ಹೊರುವ, ತೊಳೆಯುವ ಆಳುಗಳದ್ದು ಇಂಡಿಯನ್ ಹಾಸ್ಪಿಟಲ್ ಕೋರ್ ಅಂತ ಮೂರು ಪಂಗಡ ಇದ್ದವು. 1943ರ ಏಪ್ರಿಲ್ 3ರಂದು ಆ ಮೂರನ್ನೂ ಬೆಸೆದು ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಮಾಡಿದರು. "ಡಾಕ್ಟ್ರ ಟೋಪೀಗೂ ನನ್ನ ಟೋಪೀಗೂ ಒಂದೇ ಬಿಲ್ಲೆ ಬಂತು" ಅಂತ ತಾತ ಹೇಳುವಾಗ ಮುಖ ಅರಳುತ್ತಿತ್ತು. ಅದೇ ವರ್ಷದ ಕೊನೆಗೆ ಬರ್ಮಾ ಗಡಿಯಲ್ಲಿ ಹದಿನಾಲ್ಕನೇ ಆರ್ಮಿ ಅಂತ ಹೊಸ ಸೈನ್ಯವೇ ಹುಟ್ಟಿತು. ಜನರಲ್ ಸ್ಲಿಮ್ ಅದರ ದಂಡನಾಯಕ.

ಆ ಹೊಸ ಸೈನ್ಯ ಹುಟ್ಟುವಾಗಲೇ ರೋಗಿಷ್ಟ. ನಾನು ದೊಡ್ಡವನಾದ ಮೇಲೆ ಸ್ಲಿಮ್ ಬರೆದ ‘ಡಿಫೀಟ್ ಇಂಟು ವಿಕ್ಟರಿ’ ಪುಸ್ತಕ ಓದಿದೆ, ತಾತ ಹೇಳಿದ್ದಕ್ಕೆಲ್ಲ ಅಲ್ಲಿ ಲೆಕ್ಕ ಸಿಕ್ಕಿತು. 1943ರಲ್ಲಿ ಗಾಯಗೊಂಡು ಹಿಂದಕ್ಕೆ ಹೋದ ಒಬ್ಬನಿಗೆ ಎದುರಾಗಿ ಕಾಯಿಲೆ ಬಿದ್ದು ಹೋದವರು 120 ಮಂದಿ! ವರ್ಷಕ್ಕೆ ಸೈನ್ಯದ ನೂರಕ್ಕೆ 84ರಷ್ಟು ಮಲೇರಿಯಾ. ಜ್ವರ ಬಂದವನನ್ನು ದೋಣಿ, ರೈಲು ಹತ್ತಿಸಿ ನೂರಾರು ಮೈಲಿ ಆಚೆ ಕಳಿಸಿದರೆ ಅವನು ತಿರುಗಿ ಬರೋದಕ್ಕೆ ತಿಂಗಳುಗಟ್ಟಲೆ. ಬೆಂಗಳೂರಿನ ಜಾಲಹಳ್ಳಿ ಆಗ ಆಸ್ಪತ್ರೆಗಳದ್ದೇ ಒಂದು ಊರಾಗಿತ್ತು. ಬರ್ಮಾ ಕಡೆಯಿಂದ ಅಲ್ಲಿಗೂ ತಂದು ಮಲಗಿಸಿದರು. ಹಿಂದಿನ ಯುದ್ಧದಲ್ಲೂ ಇದೇ ಪಾಡು. ನಮ್ಮ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದರು ಅಂತ ಹೆಮ್ಮೆಯಿಂದ ಹೇಳುತ್ತೇವೆ. ಅದಾದ ಕೆಲವೇ ವಾರಗಳಲ್ಲಿ ಆ ಕಡೆಯ ಕುದುರೆ ಪಡೆಗಳನ್ನೆಲ್ಲ ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಹಾಸಿಗೆ ಹಿಡಿಸಿದ್ದನ್ನು ಯಾರೂ ಹೇಳೋದಿಲ್ಲ.

ಸ್ಲಿಮ್ ಏನು ಮಾಡಿದರು ಅಂದರೆ, ರೋಗಿಯನ್ನು ಆಸ್ಪತ್ರೆಗೆ ಕಳಿಸೋದರ ಬದಲು ಆಸ್ಪತ್ರೆಯನ್ನೇ ರೋಗಿಯ ಹತ್ತಿರ ತಂದರು. ಯುದ್ಧ ನಡೆಯುವ ಸಾಲಿನಿಂದ ಕೆಲವೇ ಮೈಲಿ ಹಿಂದೆ ಡೇರೆ ಹಾಕಿ ಮಲೇರಿಯಾ ಚಿಕಿತ್ಸೆಯ ಘಟಕ ಇಟ್ಟರು. ಜ್ವರ ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಹಾಸಿಗೆ, ಕೆಲವೇ ವಾರದಲ್ಲಿ ವಾಪಸ್ ಪಲ್ಟಣಕ್ಕೆ. ದಿನಾ ಮೆಪಾಕ್ರಿನ್ ಮಾತ್ರೆ, ಹೊತ್ತು ಮುಳುಗುವ ಮುಂಚೆ ತೋಳು ಇಳಿಸಬೇಕು. ಮಾತ್ರೆ ತಿಂದರೆ ಮೈ ಹಳದಿಯಾಗುತ್ತಿತ್ತು, ಗಂಡಸುತನ ಹೋಗುತ್ತದೆ ಅನ್ನೋ ಸುದ್ದಿ ಬೇರೆ ಹಬ್ಬಿತ್ತು. ಅದಕ್ಕೇ ಸಾಲಾಗಿ ನಿಲ್ಲಿಸಿ, ಬಾಯಿ ತೆರೆಸಿ, ನುಂಗಿದ್ದನ್ನು ನೋಡಬೇಕು. ತಾತನ ಕೆಲಸ ಅದೇ. ಯಾವುದಾದರೂ ಪಲ್ಟಣದಲ್ಲಿ ಮಾತ್ರೆ ನುಂಗಿದವರು ಕಡಿಮೆ ಅಂತ ತಪಾಸಣೆಯಲ್ಲಿ ಗೊತ್ತಾದರೆ ಸ್ಲಿಮ್ ಅದರ ಮುಖ್ಯಸ್ಥನನ್ನೇ ತೆಗೆದುಹಾಕುತ್ತಿದ್ದರು. ಮೂವರನ್ನು ತೆಗೆದ ಮೇಲೆ ಉಳಿದವರಿಗೆ ಮಾತು ಅರ್ಥವಾಯಿತು ಅಂತ ಅವರೇ ಬರೆದಿದ್ದಾರೆ. 1945ರ ಹೊತ್ತಿಗೆ ದಿನಕ್ಕೆ ಸಾವಿರಕ್ಕೆ ಒಬ್ಬ ಕಾಯಿಲೆ ಬೀಳುವಷ್ಟಕ್ಕೆ ಇಳಿಯಿತು.

ಇನ್ನೊಂದು ಮಾತು. ಆಂಬುಲೆನ್ಸ್ ಅಂದರೆ ನಮಗೆ ಕೂಗಿಕೊಂಡು ಓಡುವ ಬಿಳಿ ಗಾಡಿ. ತಾತನಿಗೆ ಫೀಲ್ಡ್ ಆಂಬುಲೆನ್ಸ್ ಅಂದರೆ ಒಂದು ಇಡೀ ಪಲ್ಟಣ. ಹೊರುವವರು, ಕಟ್ಟು ಕಟ್ಟುವವರು, ಅಡುಗೆಯವರು, ಗುಮಾಸ್ತೆ ಎಲ್ಲ ಅದರಲ್ಲೇ. ಗುಂಡು ಬಿದ್ದ ಕಡೆಯಿಂದ ಏಡ್ ಪೋಸ್ಟ್, ಅಲ್ಲಿಂದ ಡ್ರೆಸಿಂಗ್ ಸ್ಟೇಷನ್, ಅಲ್ಲಿಂದ ಆಪರೇಷನ್ ಮಾಡುವ ಕಡೆ, ಅಲ್ಲಿಂದ ದೊಡ್ಡಾಸ್ಪತ್ರೆ. ಬಾವಿಯಿಂದ ಕೈಯಿಂದ ಕೈಗೆ ಬಿಂದಿಗೆ ಸಾಗಿಸಿದ ಹಾಗೆ. "ಡಾಕ್ಟ್ರು ದೊಡ್ಡೋನೇ ಕಣ್ಲಾ, ಆದ್ರೆ ಮಧ್ಯದಾಗೆ ಒಬ್ಬ ಕೈ ಬಿಟ್ರೆ ಬಿಂದಿಗೆ ಒಡೀತು" ಅನ್ನುತ್ತಿದ್ದರು. ಹೋಗಲಿ, ಬಾವಿಗೇ ವಾಪಸ್ ಬರೋಣ.

ಆ ರಾತ್ರಿ ಮೊದಲು ಮಾಡಿದ್ದು ಬಾವಿಗೆ ಮುಳ್ಳುಬೇಲಿ. ಯಾರೂ ಮೆಟ್ಟಿಲಿಳಿಯೋ ಹಾಗಿಲ್ಲ. ಒಂದು ಹಗ್ಗ, ಒಂದು ಬಕೆಟ್ಟು, ಸೇದೋದಕ್ಕೆ ಇಬ್ಬರು ಹುಡುಗರು, ಬಂದವರ ಬಿಂದಿಗೆಗೆ ಅವರೇ ಸುರಿಯಬೇಕು. ತಾತನ ತಗಡಿನ ಟ್ರಂಕಿನಲ್ಲಿ ಪೊಟ್ಯಾಷ್ ಪರ್ಮಾಂಗನೇಟಿನ ಸೀಸೆ ಇತ್ತು. ಆ ಹರಳು ಬಿದ್ದು ನೀರು ನೇರಳೆಹಣ್ಣಿನ ರಸದ ಹಾಗೆ ತಿರುಗಿದ್ದನ್ನು ಲಾಟೀನು ಬೆಳಕಲ್ಲಿ ಬಗ್ಗಿ ನೋಡಿದ್ದೆ. ಕುಡಿಯುವ ನೀರನ್ನು ಮಾತ್ರ ಬೆಲ್ಲ ಕಾಯಿಸುವ ಕೊಪ್ಪರಿಗೆಯಲ್ಲಿ ಕುದಿಸಬೇಕು. ಸೌದೆ ಮನೆಗೊಂದು ಹೊರೆ.

ಆಮೇಲೆ ಹೊರಸುಗಳು. ತಾತ ಕುಡುಗೋಲು ತಗೊಂಡು ಒಂದೊಂದರ ನುಲಿಯನ್ನೂ ನಡುಮಧ್ಯೆ ಕೊಯ್ದು ತಟ್ಟೆಯಗಲದ ತೂತು ಮಾಡಿದರು. ಹೆಂಗಸರು ಹೋ ಅಂತ ಬಾಯಿ ಮಾಡಿದರು. ನಮ್ಮಮ್ಮ ತವರಿನಿಂದ ಬಂದ ಹೊರಸು ಅಂತ ಅತ್ತೇಬಿಟ್ಟಳು. ತೂತಿನ ಕೆಳಗೆ ಸುಣ್ಣ ಹಾಕಿದ ಮಡಕೆ ಇಟ್ಟ ಮೇಲೆ ಯಾಕೆ ಅಂತ ಎಲ್ಲರಿಗೂ ತಿಳಿಯಿತು. ಎದ್ದು ಹೋಗಲಾರದವನು ಮಲಗಿದ ಕಡೆಯಿಂದಲೇ ಮಡಕೆಗೆ; ನೆಲ ಕೊಳೆಯೋದಿಲ್ಲ, ನೊಣ ಕೂರೋದಿಲ್ಲ, ಎಷ್ಟು ಹೋಯಿತು ಅಂತ ಅಳತೆಯೂ ಸಿಗುತ್ತದೆ. ಮಡಕೆ ಬಗ್ಗಿಸೋದಕ್ಕೆ ಊರಾಚೆ ಆಳದ ಗುಂಡಿ. ಆ ಕೆಲಸಕ್ಕೆ ಒಂದೇ ಕೇರಿಯವರು ಬರಬೇಕು ಅಂತ ಯಾರೋ ಅಂದಾಗ ತಾತ ಒಂದು ಮಾತೂ ಆಡದೆ ಮೊದಲ ಮಡಕೆಯನ್ನು ತಾವೇ ಎತ್ತಿಕೊಂಡು ಹೋದರು. ಎರಡನೆಯದನ್ನು ಶಾಲೆ ಮೇಷ್ಟ್ರು ಎತ್ತಿದರು. ಆಮೇಲೆ ಆ ಮಾತು ಏಳಲಿಲ್ಲ.

ಶಾಲೆ ಅಂದರೆ ಎರಡು ಕೋಣೆ, ಮುಂದೊಂದು ಜಗಲಿ. ಕುಡಿದದ್ದು ಒಳಗೆ ಉಳಿಯುವವರಿಗೆ ಜಗಲಿ. ಕುಡಿದದ್ದನ್ನೆಲ್ಲ ಕಕ್ಕುವವರಿಗೆ ಮೊದಲ ಕೋಣೆ. ಕಣ್ಣು ಗುಳಿಬಿದ್ದು, ಮಾತು ಸಣ್ಣಗಾಗಿ, ಮೂತ್ರವೇ ಹೋಗದವರನ್ನು ಒಳಕ್ಕೂ ಬಿಡದೆ ನೇರ ಗಾಡಿಗೆ ಹಾಕಿ ಮಧುಗಿರಿ ಆಸ್ಪತ್ರೆಗೆ. ಬಂದವರ ಹೊಟ್ಟೆಯ ಚರ್ಮವನ್ನು ತಾತ ಎರಡು ಬೆರಳಲ್ಲಿ ಚಿವುಟಿ ಬಿಡುತ್ತಿದ್ದರು. ತಕ್ಷಣ ಮಟ್ಟಸವಾದರೆ ಜಗಲಿ. ಮಡಿಸಿದ ಬಟ್ಟೆಯ ಹಾಗೆ ಎದ್ದೇ ನಿಂತರೆ ಗಾಡಿ. "ಕೂಗೋನನ್ನ ಆಮೇಲೆ ನೋಡಾನ, ಸುಮ್ಕೆ ಮಲಗಿರೋನನ್ನ ಮೊದ್ಲು ತನ್ನಿ" ಅಂತ ಅವರು ಬಾಗಿಲಲ್ಲಿ ನಿಂತು ಹೇಳುತ್ತಿದ್ದದ್ದು ಎಷ್ಟು ಸಲವೋ.

ನನಗೆ ಸಿಕ್ಕ ಕೆಲಸ ಸ್ಲೇಟು. ಒಂದೊಂದು ಹೊರಸಿನ ಕಾಲಿಗೂ ಒಂದೊಂದು ಸ್ಲೇಟು ಕಟ್ಟಿದ್ದರು, ನಮ್ಮ ಕ್ಲಾಸಿನ ಹುಡುಗರವೇ. ರೋಗಿ ಒಂದು ಲೋಟ ಕುಡಿದರೆ ಮೇಲೊಂದು ಗೆರೆ, ಒಂದು ಸಲ ಭೇದಿಯಾದರೆ ಕೆಳಗೊಂದು ಗೆರೆ. ಕೆಳಗಿನ ಗೆರೆ ಮೇಲಿನದಕ್ಕಿಂತ ಹೆಚ್ಚಾದರೆ ಓಡಿಹೋಗಿ ತಾತನಿಗೆ ಹೇಳಬೇಕು. ಲೋಟದಲ್ಲಿ ಇದ್ದದ್ದು ಕುದಿಸಿ ಆರಿಸಿದ ನೀರಿಗೆ ಉಪ್ಪು, ಬೆಲ್ಲ. ಪ್ರತಿ ಕೊಡಕ್ಕೂ ತಾತ ತಾವೇ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು, ಕಣ್ಣೀರಿಗಿಂತ ಉಪ್ಪಾಗಿರಬಾರದು ಅಂತ. ಚೇತರಿಸಿಕೊಂಡವರಿಗೆ ತೆಳ್ಳಗಿನ ರಾಗಿ ಗಂಜಿ. ಕೊರಟಗೆರೆ ಕಡೆಯಿಂದ ಬಂದಿದ್ದ ನೆಂಟರೊಬ್ಬರು ಸಿದ್ಧರಬೆಟ್ಟದ ನಾರುಬೇರು ಬಲ್ಲವರು. ಅವರು ಏನೋ ಕಷಾಯ ಕೊಡುತ್ತೇನೆ ಅಂದಾಗ ತಾತ ಬೇಡ ಅನ್ನಲಿಲ್ಲ, "ನಿಮ್ಮ ಕೈ ನಿಧಾನದ ಕೈ, ಆ ಕೂಸಿಗೆ ಚಮಚದಾಗೆ ನೀರು ಕುಡಿಸ್ತೀರಾ?" ಅಂದರು. ಆ ಮನುಷ್ಯ ರಾತ್ರಿಯೆಲ್ಲ ಕೂತು ಚಮಚ ಚಮಚ ಕುಡಿಸಿದರು. ಅದಕ್ಕಿಂತ ದೊಡ್ಡ ವೈದ್ಯ ನಾನು ಕಂಡಿಲ್ಲ.

ಆ ಕೂಸು ನನ್ನ ತಂಗಿ. ಎರಡು ವರ್ಷದವಳು. ಇದನ್ನು ಮೊದಲೇ ಹೇಳಬೇಕಿತ್ತೇನೋ, ಹೇಳೋದಕ್ಕೆ ಬಾಯಿ ಬರಲಿಲ್ಲ.

ಅವಳ ಹೊಟ್ಟೆ ಚಿವುಟಿದಾಗ ಚರ್ಮ ಎದ್ದು ನಿಂತಿತ್ತು. ಗಾಡಿ ಆಗಷ್ಟೇ ಇಬ್ಬರನ್ನು ಹೊತ್ತು ಹೊರಟುಹೋಗಿತ್ತು, ತಿರುಗಿ ಬರೋದಕ್ಕೆ ಬೆಳಗಾಗಬೇಕು. ಅಮ್ಮ ಗೋಡೆಗೆ ತಲೆ ಆನಿಸಿ ಕೂತಿದ್ದಳು. ತಂಗಿಯ ಸ್ಲೇಟಿನಲ್ಲಿ ನಾನು ಲೋಟಕ್ಕೆ ಬದಲು ಚಮಚಕ್ಕೊಂದು ಚುಕ್ಕಿ ಹಾಕಿದೆ. ಇಪ್ಪತ್ತು ಚುಕ್ಕಿಗೊಂದು ಗೆರೆ. ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು. ಹೊರಗೆ ಬಿಸಿಗಾಳಿ, ಹುಣಿಸೆ ಮರದ ಒಣಗಿದ ಕಾಯಿ ಒಂದಕ್ಕೊಂದು ತಾಗಿ ಕಟಕಟ ಅನ್ನುತ್ತಿತ್ತು. ಯಾವಾಗಲೋ ನಿದ್ದೆ ಬಂದಿರಬೇಕು. ಎಚ್ಚರಾದಾಗ ಸ್ಲೇಟು ತಾತನ ಕೈಯಲ್ಲಿತ್ತು, ನಾನು ಹಾಕಿದ ಚುಕ್ಕಿಗಳ ಮುಂದೆ ಅವರ ಚುಕ್ಕಿಗಳು ಎರಡು ಸಾಲು ಬೆಳೆದಿದ್ದವು. "ಉಚ್ಚೆ ಹೊಯ್ದವ್ಳೆ ಕಣ್ಲಾ" ಅಂದರು. ಅವರ ದನಿ ನಡುಗುತ್ತಿತ್ತು. ಬರ್ಮಾದ ಕಥೆ ಹೇಳುವಾಗ ಒಂದು ಸಲವೂ ನಡುಗದ ದನಿ.

ಎಷ್ಟೋ ವರ್ಷದ ಮೇಲೆ ಡಾಕ್ಟರ್ ದಿಲೀಪ್ ಮಹಲನೋಬಿಸ್ ಅವರ ಬಗ್ಗೆ ಓದಿದೆ. 1971ರಲ್ಲಿ ಬಂಗಾಳದ ಬನಗಾಂವ್ ಕ್ಯಾಂಪಿನಲ್ಲಿ ನಿರಾಶ್ರಿತರಿಗೆ ಕಾಲರಾ ಬಂದು, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋದಾಗ, ಅವರು ಉಪ್ಪು, ಗ್ಲೂಕೋಸು, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ರೋಗಿಗಳ ಮನೆಯವರಿಂದಲೇ ಕುಡಿಸಿದರು. ಅಲ್ಲಿಯವರೆಗೆ ನೂರಕ್ಕೆ ಮೂವತ್ತು ಮಂದಿ ಸಾಯುತ್ತಿದ್ದ ಕಡೆ ನಾಲ್ಕಕ್ಕಿಂತ ಕೆಳಗಿಳಿಯಿತು. ಓದುವಾಗ ಆ ಚುಕ್ಕಿಗಳೇ ಕಣ್ಮುಂದೆ.

ಮಾರನೆಯ ದಿನ ಮಧ್ಯಾಹ್ನ ಸರ್ಕಾರದ ಜೀಪು ಬಂತು. ಡಾಕ್ಟರು ಚಿಕ್ಕ ವಯಸ್ಸಿನವರು, ಮುಖವೆಲ್ಲ ಕೆಂಧೂಳು. ಶಾಲೆಯೊಳಗೆ ಹೋಗಿ ಒಂದೊಂದು ಹೊರಸಿನ ಹತ್ತಿರವೂ ಬಗ್ಗಿ ಸ್ಲೇಟು ಓದಿದರು. ತಾತ ರೋಗಿಗಳ ಹೆಸರು ಬರೆದಿಟ್ಟ ಪುಸ್ತಕ ಹಿಡಿದು ಹಿಂದೆ ಅಟೆನ್ಷನ್ನಿನಲ್ಲಿ ನಿಂತಿದ್ದರು. ಇಬ್ಬರಿಗೆ ಸಲೈನ್ ಏರಿಸಿ, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಿ, ಊರವರಿಗೆಲ್ಲ ಸೂಜಿ ಹಾಕುವ ಹೊತ್ತಿಗೆ ಸಂಜೆ. ಆಮೇಲೆ ಡಾಕ್ಟರು ಜಗಲಿ ಮೇಲೆ ಕೂತು, ಮೊಣಕೈ ತನಕ ಕೈ ತೊಳೆದು, ನಮ್ಮಜ್ಜಿ ಕೊಟ್ಟ ಮುದ್ದೆ ಉಂಡರು. "ನಿಮ್ಮ ಪುಸ್ತಕ ಎರಡು ದಿನ ಕೊಡ್ತೀರಾ, ನಕಲು ಮಾಡ್ಕೋತೀನಿ" ಅಂತ ತಾತನನ್ನು ಕೇಳಿದರು. ತಾತ ಕೊಟ್ಟರು. ಅವರು ನೆನಪಿಟ್ಟು ವಾಪಸ್ಸೂ ಕಳಿಸಿದರು, ಮಧುಗಿರಿ ಬಸ್ಸಿನ ಕಂಡಕ್ಟರ ಕೈಯಲ್ಲಿ.

ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ಕೆಂಪು ರಟ್ಟು, ಒಳಗೆ ರೋಮನ್ ಅಕ್ಷರದಲ್ಲಿ ಬರೆದ ಕನ್ನಡ ಹೆಸರುಗಳು, ಬಂದ ಹೊತ್ತು, ಹೋದ ಹೊತ್ತು. ಮೂವತ್ತೊಂದು ಹೆಸರು. ಇಪ್ಪತ್ತೊಂಬತ್ತರ ಮುಂದೆ ‘ಆರ್.ಟಿ.ಯು.’ ಅಂತ ಮೂರು ಅಕ್ಷರ ಇದೆ. ಹಾಗಂದರೇನು ಅಂತ ಅವತ್ತೇ ಕೇಳಿದ್ದೆ. ವಾಸಿಯಾದವನನ್ನು ಅವನ ಪಲ್ಟಣಕ್ಕೆ ವಾಪಸ್ ಕಳಿಸಿದಾಗ ಹಾಗೆ ಬರೆಯುತ್ತಾರೆ ಅಂದರು. ಇನ್ನೆರಡು ಹೆಸರಿನ ಮುಂದೆ ಹೊತ್ತು ಮಾತ್ರ ಇದೆ. ಮೇಗಳ ಕೇರಿಯ ಆ ಮುದುಕಿ ಶಾಲೆಗೆ ಬಂದೇ ಇರಲಿಲ್ಲ, ತಾತ ಕೀಲಿ ಕೈ ಕೇಳುವ ಮುಂಚೆಯೇ ಹೋಗಿದ್ದವಳು. ಆದರೂ ಮೊದಲ ಸಾಲಿನಲ್ಲಿ ಆಕೆಯ ಹೆಸರನ್ನೇ ಬರೆದಿದ್ದಾರೆ.

ತಂಗಿ ಈಗ ಶಿರಾದಲ್ಲಿದ್ದಾಳೆ, ಮೊಮ್ಮಗು ಬಂದಿದೆ. ಜಾತ್ರೆಗೆ ಬಂದಾಗಲೆಲ್ಲ ಆ ಪುಟ ತೆಗೆಸಿ, ತನ್ನ ಹೆಸರಿನ ಮೇಲೆ ಬೆರಳಿಟ್ಟು ನೋಡಿ, ಮುಚ್ಚಿ ಕೊಡುತ್ತಾಳೆ.